ಪರಾರ್ಥದ ಓಟ

ನಮ್ಮ ಕಾಲೇಜಿನ ಕ್ರೀಡೋತ್ಸವದಲ್ಲಿ ಅಧ್ಯಾಪಕರ ನೂರು ಮೀಟರ್ ಓಟವೆಂಬುದೊಂದು ಉಂಟು. ಪಟ್ಟಿಯಲ್ಲಿ ಅದು ಕಟ್ಟಕಡೆಯ ಸ್ಪರ್ಧೆ. ಆದರೂ ಅತ್ಯಧಿಕ ಪ್ರೇಕ್ಷಕರು ನೆರೆಯುವುದು ಅದಕ್ಕೇ. ಕಳೆದ ಸಲ ನಮ್ಮ ಪೂಜ್ಯ ಅಧ್ಯಾಪಕರೊಬ್ಬರು (ಹೆಸರು ಹೇಳುವುದು ಶಿಷ್ಯಧರ್ಮವಲ್ಲ) ಅರುವತ್ತು ಮೀಟರಿನವರೆಗೆ ಎಲ್ಲರಿಗಿಂತ ಮುಂದಿದ್ದು, ಅಲ್ಲಿ ಮೀನಖಂಡವನ್ನು ಹಿಡಿದುಕೊಂಡು ಕುಳಿತುಬಿಟ್ಟರು. ಮುಂದಿನ ವಾರವೆಲ್ಲ ಅವರು ಕುರ್ಚಿಯಲ್ಲಿ ಕುಳಿತೇ ಪಾಠ ಹೇಳಿದರು. ನಾವು ನಕ್ಕದ್ದೂ ನಿಜ, ಅನಂತರ ನಾಚಿದ್ದೂ ನಿಜ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡತೊಡಗಿತು. ಲಂಡನ್ ನಗರದಲ್ಲಿ ಪ್ರತಿವರ್ಷವೂ ಗುಮಾಸ್ತರು, ದಾದಿಯರು, ಉಪಾಧ್ಯಾಯರು, ಅಂಗಡಿ ಇಟ್ಟವರು, ನಿವೃತ್ತರು ಸಾವಿರಾರು ಸಂಖ್ಯೆಯಲ್ಲಿ ಒಂದೇ ದಿನ 42 ಕಿಲೋಮೀಟರ್ 195 ಮೀಟರ್ ಓಡುತ್ತಾರೆ. ನಮ್ಮ ಅಧ್ಯಾಪಕರ ಓಟದ ನಾನೂರ ಇಪ್ಪತ್ತೆರಡರಷ್ಟು ದೂರ! ಅವರಲ್ಲಿ ಬಹುಮಂದಿ ಕ್ರೀಡಾಪಟುಗಳಲ್ಲ. ಬಹುಮಾನದ ಆಸೆಯೂ ಅವರಿಗಿಲ್ಲ. ಯಾವುದೋ ಆಸ್ಪತ್ರೆಗೆ, ಅನಾಥ ಮಕ್ಕಳಿಗೆ, ರೋಗಪೀಡಿತರಿಗೆ ಹಣ ಕೂಡಿಸಿಕೊಡುವುದಕ್ಕಾಗಿ ಓಡುವವರು. ನೂರು ಮೀಟರಿಗೆ ಸೋತ ದೇಹದಂಥದೇ ದೇಹವು ನಲವತ್ತೆರಡು ಕಿಲೋಮೀಟರಿಗೆ ಸಿದ್ಧವಾಗುವುದು ಹೇಗೆ? ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಇದನ್ನು ತಿಳಿಯಲು ದೈಹಿಕ ಶಿಕ್ಷಣದ ಅಧ್ಯಾಪಕರನ್ನು ಪೀಡಿಸಿ, ಪುಸ್ತಕಗಳನ್ನು ತಿರುವಿ ಅರಿತುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಲಂಡನ್ನಿನ ಓಟದ ಕಥೆ. ಕ್ರಿಸ್ ಬ್ರಾಷರ್ ಎಂಬಾತ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ತಡೆಗಳನ್ನೂ ನೀರಿನ ಹೊಂಡವನ್ನೂ ಹಾರಿ ಓಡುವ 3000 ಮೀಟರ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದವನು. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಓಡಿದಾಗ ಮೊದಲರ್ಧದಲ್ಲಿ ಮುಂದೋಡಿ ವೇಗ ಹಿಡಿದುಕೊಟ್ಟವನೂ ಇವನೇ. ಇವನೂ ಇವನ ಮಿತ್ರ ಜಾನ್ ಡಿಸ್ಲಿಯೂ 1979ರಲ್ಲಿ ನ್ಯೂಯಾರ್ಕಿನ ಮ್ಯಾರಥಾನಿನಲ್ಲಿ ಭಾಗವಹಿಸಿದರು. ಅಲ್ಲಿ ಸಾಮಾನ್ಯ ಜನ ಓಡುವುದನ್ನೂ, ಇಡೀ ನಗರವೇ ಬೀದಿಗಿಳಿದು ಅವರಿಗೆ ನೀರು ಕೊಟ್ಟು ಹುರಿದುಂಬಿಸುವುದನ್ನೂ ಕಂಡು ಬೆರಗಾದರು. ಲಂಡನ್ನಿನಲ್ಲೂ ಹೀಗೆ ಆಗಬಾರದೇಕೆ ಎಂದು ಬ್ರಾಷರ್ ಪತ್ರಿಕೆಯಲ್ಲಿ ಬರೆದ. 1981ರ ಮಾರ್ಚ್ 29ರಂದು, ಮಳೆ ಸುರಿಯುತ್ತಿದ್ದ ದಿನ, ಮೊದಲನೆಯ ಲಂಡನ್ ಮ್ಯಾರಥಾನ್ ನಡೆದು 6,255 ಮಂದಿ ಗುರಿ ಮುಟ್ಟಿದರು. ಮುಂಚೂಣಿಯಲ್ಲಿದ್ದ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಕೊನೆಯ ಗೆರೆಯನ್ನು ಕೈ ಕೈ ಹಿಡಿದು ದಾಟಿದರು. ಓಟದ ಮುಂದಿನ ಚರಿತ್ರೆಗೆ ಇದೇ ನಾಂದಿಯಾಯಿತೆನ್ನಬಹುದು. 2025ರಲ್ಲಿ ಗುರಿ ಮುಟ್ಟಿದವರ ಸಂಖ್ಯೆ 56,000ವನ್ನು ಮೀರಿತು. 1981ರಿಂದ ಈಚೆಗೆ ಈ ಓಟದ ಮೂಲಕ ಕೂಡಿಬಂದ ದಾನದ ಮೊತ್ತ ನೂರು ಕೋಟಿ ಪೌಂಡುಗಳಿಗೂ ಹೆಚ್ಚು. ನಮ್ಮ ದೇಶದಲ್ಲಿಯೂ 2004ರಿಂದ ಮುಂಬಯಿಯ ಮ್ಯಾರಥಾನ್, 2008ರಿಂದ ಬೆಂಗಳೂರಿನ 10 ಕಿಲೋಮೀಟರ್ ಓಟ ಇದೇ ದಾರಿಯಲ್ಲಿ ಸಾಗಿವೆ.

ಹಣ ಕೂಡುವ ಬಗೆ ಸರಳವಾದುದು. ಓಡುವವನು ಒಂದು ಧರ್ಮಸಂಸ್ಥೆಯನ್ನು ಆರಿಸಿಕೊಂಡು ಬಂಧುಗಳಿಗೂ ನೆರೆಯವರಿಗೂ ಕಛೇರಿಯ ಸಹೋದ್ಯೋಗಿಗಳಿಗೂ "ನಾನು ಇಷ್ಟು ದೂರ ಓಡುತ್ತೇನೆ, ನೀವು ಈ ಸಂಸ್ಥೆಗೆ ಇಷ್ಟು ಕೊಡಿ" ಎನ್ನುತ್ತಾನೆ. ಸಂಸ್ಥೆಗಳೂ ಓಟದಲ್ಲಿ ಕೆಲವು ಸ್ಥಾನಗಳನ್ನು ಹಣಕೊಟ್ಟು ಪಡೆದು, ಇಷ್ಟು ಮೊತ್ತ ಕೂಡಿಸುತ್ತೇನೆಂದು ಒಪ್ಪಿದವರಿಗೆ ಅವನ್ನು ಕೊಡುತ್ತವೆ. ಹಣ ಕೊಡುವವನಿಗೆ ಇದರಿಂದ ಬರುವ ಲಾಭವೇನೂ ಇಲ್ಲ. ಸ್ವತಃ ಬೆವರು ಸುರಿಸುವವನು ಕೇಳಿದಾಗ ಇಲ್ಲವೆನ್ನಲು ನಾಲಗೆ ಬರುವುದಿಲ್ಲ, ಅಷ್ಟೆ. ಓಡುವವನಿಗಾದರೋ ದೊಡ್ಡದೊಂದು ಲಾಭವುಂಟು. ನಾಳೆಯಿಂದ ವ್ಯಾಯಾಮ ಮಾಡುತ್ತೇನೆಂದು ನಮಗೆ ನಾವೇ ಕೊಟ್ಟುಕೊಂಡ ಮಾತು ಮುಂಜಾನೆಯ ಕಂಬಳಿಯ ಬಿಸುಪಿನಲ್ಲಿ ಕರಗಿಹೋಗುತ್ತದೆ. ಐವತ್ತು ಮಂದಿಗೆ ಕೊಟ್ಟ ಮಾತು ಹಾಗೆ ಕರಗದು. ಅದು ಐದು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ.

ಇಂದು ಬೆಳಗ್ಗೆ ಬೀದಿಯಲ್ಲಿ ಓಡುವ ನಡುವಯಸ್ಸಿನವರನ್ನು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅರುವತ್ತು ವರ್ಷಗಳ ಹಿಂದೆ ಪಾಶ್ಚಾತ್ಯ ದೇಶಗಳಲ್ಲಿಯೂ ಇದು ವಿಚಿತ್ರವಾಗಿತ್ತು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡ್ ಪಟ್ಟಣದ ಬೊಜ್ಜು ಬೆಳೆದ ವ್ಯಾಪಾರಸ್ಥರನ್ನೂ, ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಕೂಡಿಸಿ ನಿಧಾನವಾಗಿ ಓಡಿಸತೊಡಗಿದ. ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್ಮನ್ 1962ರ ಕೊನೆಯಲ್ಲಿ ಅಲ್ಲಿಗೆ ಹೋದಾಗ ಆ ಗುಂಪಿನೊಡನೆ ಓಡಲು ಹೊರಟ. ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡಿದ್ದ ಮುದುಕನೊಬ್ಬ ಅವನಿಗಾಗಿ ಹಿಂದೆ ನಿಂತು ಜತೆಗೊಟ್ಟು ಕರೆತರಬೇಕಾಯಿತು! ಐವತ್ತು ದಾಟಿದ್ದ ಬೋವರ್ಮನ್ ಇದರಿಂದ ಪಾಠ ಕಲಿತು ತನ್ನ ಊರಿಗೆ ಹಿಂದಿರುಗಿ ವಯಸ್ಕರಿಗೆ ನಿಧಾನದ ಓಟ ಕಲಿಸಿದ. ಹೃದಯತಜ್ಞರೊಬ್ಬರೊಡನೆ ಸೇರಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಲಿಡಿಯಾರ್ಡನ ಗುಟ್ಟು ಇಷ್ಟೆ: ಓಡುತ್ತಿರುವಾಗ ಪಕ್ಕದವನೊಡನೆ ಮಾತಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯತಕ್ಕದ್ದು.

ಹೀಗೆ ನಿಧಾನವಾಗಿ ಓಡುವವನ ದೇಹದೊಳಗೆ ನಡೆಯುವುದೇನು? ಮೊದಲು ಬದಲಾಗುವುದು ರಕ್ತ. ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆದಕಾರಣ ಅದೇ ಕೆಲಸಕ್ಕೆ ಕಡಮೆ ಬಡಿತಗಳು ಸಾಕಾಗುತ್ತವೆ. ಆಮೇಲೆ ಸ್ನಾಯುಗಳ ಸರದಿ. ಸ್ನಾಯುವಿನ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಅತಿಸೂಕ್ಷ್ಮ ಒಲೆಗಳಿವೆ. ಆಹಾರವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿ ಕೊಡುವುದು ಅವೇ. 1967ರಲ್ಲಿ ಅಮೆರಿಕದ ಜಾನ್ ಹಾಲೊಸಿ ಎಂಬ ವಿಜ್ಞಾನಿ ಇಲಿಗಳನ್ನು ಹಲವು ವಾರ ಓಡಿಸಿ ಪರೀಕ್ಷಿಸಿದಾಗ, ಅವುಗಳ ಸ್ನಾಯುಗಳಲ್ಲಿ ಈ ಒಲೆಗಳ ಶಕ್ತಿ ಸುಮಾರು ಇಮ್ಮಡಿಯಾಗಿದ್ದುದು ಕಂಡುಬಂತು. ಮನುಷ್ಯರಲ್ಲಿಯೂ ಇಂಥ ಬದಲಾವಣೆ ಕೆಲವೇ ವಾರಗಳಲ್ಲಿ ತೋರುತ್ತದೆ. ಮೊದಲ ದಿನ ಬೀದಿಯ ತಿರುವಿನಲ್ಲಿ ಏದುಸಿರು ಬಿಟ್ಟವನು ಆರನೆಯ ವಾರಕ್ಕೆ ನಗುತ್ತ ಐದು ಕಿಲೋಮೀಟರ್ ಓಡುತ್ತಾನೆ.

ಅಪಾಯವು ಹೊಂಚುಹಾಕಿರುವುದು ಇಲ್ಲಿಯೇ. ಏಕೆಂದರೆ ದೇಹದ ಎಲ್ಲ ಭಾಗಗಳಿಗೂ ಒಂದೇ ಪಂಚಾಂಗವಿಲ್ಲ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಲ್ಲಿ ರಕ್ತನಾಳಗಳು ವಿರಳ. ಅವು ಬಲಗೊಳ್ಳಲು ತಿಂಗಳುಗಳೇ ಬೇಕು. ಎಲುಬಿನ ವಿಷಯ ಇನ್ನೂ ವಿಲಕ್ಷಣವಾದುದು. ಅದು ನಿರ್ಜೀವ ಕಲ್ಲಲ್ಲ. ಭಾರ ಬಿದ್ದಲ್ಲಿ ತನ್ನನ್ನು ತಾನೇ ಕಟ್ಟಿಕೊಳ್ಳುವ ಸಜೀವ ವಸ್ತು. ಆದರೆ ಹೊಸದನ್ನು ಕಟ್ಟುವ ಮುನ್ನ ಹಳೆಯದನ್ನು ತೆಗೆಯುತ್ತದೆ. ತೆಗೆಯುವ ಕೆಲಸ ಮೂರು ವಾರಗಳಲ್ಲಿ ಮುಗಿದರೆ ಕಟ್ಟುವ ಕೆಲಸಕ್ಕೆ ಸುಮಾರು ಮೂರು ತಿಂಗಳು. ಹಂಚಿನ ಮನೆಯ ಮಾಡು ರಿಪೇರಿ ಮಾಡುವವರು ಹಳೆಯ ರೀಪುಗಳನ್ನು ಕಿತ್ತು ಹೊಸದನ್ನು ಹೊಡೆಯುವ ನಡುವೆ ಜೋರು ಮಳೆ ಬಂದರೆ ಹೇಗೋ ಹಾಗೆ, ಈ ಅವಧಿಯಲ್ಲಿ ಎಲುಬಿಗೆ ಹೆಚ್ಚಿನ ಪೆಟ್ಟು ತಾಗಕೂಡದು. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಿಧಾನವಾಗಿ ಓಡುವವನಿಗೆ ಒಂದು ಕಿಲೋಮೀಟರಿಗೆ ಸಾವಿರಕ್ಕೆ ಮೇಲ್ಪಟ್ಟು ಹೆಜ್ಜೆಗಳು! ಹೃದಯ "ಇನ್ನೂ ಓಡು" ಎನ್ನುತ್ತಿರುವಾಗ ಎಲುಬು "ತಾಳು" ಎನ್ನುತ್ತಿರುತ್ತದೆ. ಹೃದಯದ ಮಾತು ಗಟ್ಟಿಯಾಗಿ ಕೇಳುತ್ತದೆ, ಎಲುಬಿನದು ಕೇಳುವುದಿಲ್ಲ.

ಇದು ಬರಿಯ ಪುಸ್ತಕದ ಮಾತಲ್ಲ. ಬೆಂಗಳೂರಿನ ಕಛೇರಿಯೊಂದರಲ್ಲಿ ಗುಮಾಸ್ತರಾಗಿರುವ ನನ್ನ ಚಿಕ್ಕಪ್ಪ ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ ಅಂಧ ಮಕ್ಕಳ ಶಾಲೆಯೊಂದಕ್ಕಾಗಿ 10 ಕಿಲೋಮೀಟರ್ ಓಡುತ್ತೇನೆಂದು ಮಾತುಕೊಟ್ಟು ಹದಿನಾಲ್ಕು ಸಾವಿರ ರೂಪಾಯಿ ಕೂಡಿಸಿದರು. ಮೊದಲ ತಿಂಗಳು ಉಸಿರಿಗಾಗಿ ಪರದಾಡಿದರು. ಐದನೆಯ ವಾರದಲ್ಲಿ ಮೈ ಹಗುರವಾಯಿತೆಂದು ಹಿಗ್ಗಿ ದೂರವನ್ನು ಒಮ್ಮೆಗೇ ಇಮ್ಮಡಿ ಮಾಡಿದರು. ಏಳನೆಯ ವಾರ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ, ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗದಲ್ಲಿ ನೋವು. ಹಣ ಇಸಿದುಕೊಂಡ ಮೇಲೆ ಹೇಳುವುದು ಹೇಗೆಂದು ಚಿಕ್ಕಮ್ಮನಿಂದಲೂ ಮುಚ್ಚಿಟ್ಟು ಮತ್ತೆ ಮೂರು ವಾರ ಓಡಿದರು. ಹತ್ತನೆಯ ವಾರ ಮಹಡಿಯ ಮೆಟ್ಟಿಲಿಳಿಯಲಾಗದೆ ಕುಳಿತಾಗ ವೈದ್ಯರು ನೋಡಿ, ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆಯೆಂದರು. ಮೊದಲ ನೋವಿಗೇ ಎರಡು ವಾರ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. ಕೊಟ್ಟ ಮಾತು ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುವಂತೆಯೇ ನೋವನ್ನು ಬಚ್ಚಿಡುವಂತೆಯೂ ಮಾಡುತ್ತದೆ.

ಆದುದರಿಂದಲೇ ಬಲ್ಲವರು ವಯಸ್ಕರ ಅಭ್ಯಾಸವನ್ನು ಎಲುಬಿನ ಪಂಚಾಂಗಕ್ಕೆ ಹೊಂದಿಸುತ್ತಾರೆ. ಮ್ಯಾರಥಾನಿಗೆ ಹದಿನಾರರಿಂದ ಇಪ್ಪತ್ತು ವಾರಗಳ ಸಿದ್ಧತೆ ರೂಢಿ. ಅದಕ್ಕೂ ಮುನ್ನ ಐದಾರು ಕಿಲೋಮೀಟರನ್ನು ಸಲೀಸಾಗಿ ಓಡಬಲ್ಲವರಾಗಿರಬೇಕು. ಏನೂ ಅಭ್ಯಾಸವಿಲ್ಲದವನು ಮೊದಲು ನಡೆಯತಕ್ಕದ್ದು. ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರದಲ್ಲಿ ಮೂರು ನಾಲ್ಕು ದಿನ ಓಟ, ಉಳಿದ ದಿನ ಬಿಡುವು. ಒಂದು ದಿನ ಮಾತ್ರ ದೀರ್ಘವಾದ ಓಟ. ಅದು ಮೆಲ್ಲಮೆಲ್ಲನೆ ಬೆಳೆದು 30 ಕಿಲೋಮೀಟರಿನ ಸುತ್ತಮುತ್ತ ನಿಲ್ಲುತ್ತದೆ. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಇಳಿಸುವುದು. ಕೊನೆಯ ಎರಡು ಮೂರು ವಾರ ಓಟವನ್ನು ಬಹಳ ಕಡಮೆ ಮಾಡುವುದು. ಹೊಸಬನಿಗೆ ಅತ್ಯಂತ ಕಷ್ಟವೆನಿಸುವುದು ಈ ಬಿಡುವೇ. ಆದರೆ ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲೆ ಉಂಡು ಮಲಗಿದಾಗ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ವರ್ಷದ ಪಾಠ ಓದುವ ನಮ್ಮಂಥವರಿಗೆ ಈ ಶಾಸ್ತ್ರ ಸ್ವಲ್ಪ ಕಹಿಯೇ ಸರಿ. ಮೆದುಳನ್ನು ಒಂದು ರಾತ್ರಿಗೆ ವಂಚಿಸಬಹುದೇನೋ, ಮೊಣಕಾಲನ್ನು ವಂಚಿಸಲಾಗದು.

ಇನ್ನು ಇಂಧನದ ಲೆಕ್ಕ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಸಂಗ್ರಹವಾಗಿರುತ್ತದೆ. ಅದು ಸುಮಾರು 400ರಿಂದ 500 ಗ್ರಾಂ. ಅದರ ಶಕ್ತಿ 1,600ರಿಂದ 2,000 ಕಿಲೋಕ್ಯಾಲೊರಿ. ಓಟಕ್ಕೆ ಒಂದು ಕಿಲೋ ದೇಹತೂಕಕ್ಕೆ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 60 ಕಿಲೋ ತೂಕದವನಿಗೆ 42 ಕಿಲೋಮೀಟರಿಗೆ ಎರಡೂವರೆ ಸಾವಿರವಾಯಿತು. ಕೊರತೆಯನ್ನು ಕೊಬ್ಬು ತುಂಬಬೇಕು; ಅದು ನಿಧಾನವಾಗಿ ಉರಿಯುವ ಹಸಿ ಸೌದೆಯಂತೆ. ವೇಗವಾಗಿ ಹೊರಟವನು ಪಿಷ್ಟವನ್ನು ಬೇಗ ಮುಗಿಸಿ, 30 ಕಿಲೋಮೀಟರಿನ ಸುಮಾರಿಗೆ ಕಾಲೆತ್ತಲಾರದೆ ನಿಲ್ಲುತ್ತಾನೆ. ಓಟಗಾರರು ಇದನ್ನು "ಗೋಡೆಗೆ ಹಾಯುವುದು" ಎನ್ನುತ್ತಾರೆ. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯರು ಸ್ವಯಂಸೇವಕರ ತೊಡೆಯಿಂದ ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ ಈ ಲೆಕ್ಕವನ್ನು ಸ್ಥಿರಪಡಿಸಿದರು. ನಿಧಾನದ ದೀರ್ಘ ಓಟಗಳ ಅಭ್ಯಾಸವು ದೇಹಕ್ಕೆ ಕೊಬ್ಬನ್ನು ಹೆಚ್ಚು ಬಳಸಿ ಪಿಷ್ಟವನ್ನು ಉಳಿಸಲು ಕಲಿಸುತ್ತದೆ. ಹಿಂದಿನ ದಿನಗಳ ಅನ್ನದೂಟ, ದಾರಿಯಲ್ಲಿ ಬಾಳೆಹಣ್ಣು, ಸಕ್ಕರೆಯ ಪಾನಕ ಇವೂ ನೆರವಾಗುತ್ತವೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬ ನಂಬಿಕೆ ತಪ್ಪು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪಿನ ಅಂಶ ಸಾಕಷ್ಟಿಲ್ಲದಿರುವುದು ಕಂಡಿತು. ಬೆವರಿದ್ದಕ್ಕಿಂತ ಹೆಚ್ಚು ಕುಡಿದದ್ದೇ ಮುಖ್ಯ ಕಾರಣ; ಇದು ಮಿತಿಮೀರಿದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಸಂಚಕಾರ. ನಾಲ್ಕೈದು ಗಂಟೆ ಓಡುವ ಹವ್ಯಾಸಿಗಳೇ ಈ ತೊಂದರೆಗೆ ಹೆಚ್ಚಾಗಿ ಸಿಲುಕುವವರು, ಏಕೆಂದರೆ ಅವರಿಗೆ ಕುಡಿಯಲು ಬಿಡುವು ಹೆಚ್ಚು. ಬಾಯಾರಿದಾಗ ಕುಡಿಯುವುದೇ ಸರಿಯಾದ ನಿಯಮ. ಇನ್ನು ಹೃದಯದ ಭಯ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಒಂದು ಕೋಟಿ ಒಂಬತ್ತು ಲಕ್ಷ ಜನರಲ್ಲಿ ಹೃದಯ ಸ್ತಂಭಿಸಿದವರು 59 ಮಂದಿ. ಭಯಪಡತಕ್ಕ ಸಂಖ್ಯೆಯಲ್ಲ, ಆದರೂ ನಲವತ್ತು ದಾಟಿದವರು, ಎದೆನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣುವುದು ವಿವೇಕ.

ಇಷ್ಟೆಲ್ಲ ನಿಯಮಗಳನ್ನು ಕೇಳಿ, ಇದು ನಮ್ಮಂಥವರಿಗಲ್ಲವೆಂದು ಯಾರಾದರೂ ಪುಸ್ತಕ ಮುಚ್ಚಿಯಾರು. ಅಂಥವರು ಫೌಜಾ ಸಿಂಗರ ಕಥೆಯನ್ನು ಕೇಳಬೇಕು. ಪಂಜಾಬಿನ ರೈತರಾದ ಇವರು ಹುಟ್ಟಿದ್ದು, ಪಾಸ್‌ಪೋರ್ಟಿನ ಪ್ರಕಾರ, 1911ರಲ್ಲಿ. 1994ರಲ್ಲಿ ಕಣ್ಣೆದುರೇ ಮಗನ ಸಾವನ್ನು ಕಂಡು ಕುಗ್ಗಿ, ಇಂಗ್ಲೆಂಡಿನಲ್ಲಿದ್ದ ಮತ್ತೊಬ್ಬ ಮಗನ ಮನೆ ಸೇರಿದರು. ದುಃಖವನ್ನು ಮರೆಯಲು ನಡೆಯತೊಡಗಿದ್ದು ಓಟವಾಯಿತು. ಮೊದಲ ದಿನ ತರಬೇತಿಗೆ ಅವರು ಸೂಟು ಧರಿಸಿ ಬಂದರೆಂದು ಅವರ ತರಬೇತುದಾರ ಹರ್ಮಂದರ್ ಸಿಂಗ್ ಹೇಳಿದ್ದಾರೆ. 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ನೆರವಾಗುವ ಬ್ಲಿಸ್ ಎಂಬ ಸಂಸ್ಥೆಗಾಗಿ ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷಗಳಲ್ಲಿ ಮುಗಿಸಿದರು. 2003ರಲ್ಲಿ ಟೊರಾಂಟೊ ನಗರದಲ್ಲಿ ಅದೇ ದೂರಕ್ಕೆ ಅವರು ತೆಗೆದುಕೊಂಡದ್ದು 5 ಗಂಟೆ 40 ನಿಮಿಷ! ತೊಂಬತ್ತನ್ನು ದಾಟಿದ ಮೇಲೂ ದೇಹ ಕಲಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2025ರ ಜುಲೈಯಲ್ಲಿ ಹುಟ್ಟೂರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡರು.

ಹಾಗಾದರೆ ಮಾತುಕೊಟ್ಟವನು ಗುರಿ ಮುಟ್ಟದೆ ಹೋದರೆ? ಈ ಪ್ರಶ್ನೆಗೆ ಅತ್ಯಂತ ಗಂಭೀರವಾದ ಉತ್ತರ ದೊರೆತದ್ದು ಕೆನಡಾ ದೇಶದಲ್ಲಿ. ಟೆರಿ ಫಾಕ್ಸ್ ಎಂಬ ಕಾಲೇಜು ವಿದ್ಯಾರ್ಥಿಯ ಬಲಗಾಲನ್ನು ಎಲುಬಿನ ಕ್ಯಾನ್ಸರಿಗಾಗಿ 1977ರಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಲಾಯಿತು. ಆಸ್ಪತ್ರೆಯಲ್ಲಿ ಕಂಡ ಮಕ್ಕಳ ನೋವು ಅವನನ್ನು ಬಿಡಲಿಲ್ಲ. ಕೃತಕ ಕಾಲು ಕಟ್ಟಿಕೊಂಡು ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿ, ಅಭ್ಯಾಸದಲ್ಲಿಯೇ ಸುಮಾರು 5,000 ಕಿಲೋಮೀಟರ್ ಓಡಿ, 1980ರ ಏಪ್ರಿಲ್ 12ರಂದು ದೇಶದ ಪೂರ್ವದ ಕಡಲತೀರದಿಂದ ಪಶ್ಚಿಮಕ್ಕೆ ಹೊರಟ. ಕೆನಡಾದ ಪ್ರತಿಯೊಬ್ಬರಿಂದಲೂ ಕ್ಯಾನ್ಸರ್ ಸಂಶೋಧನೆಗೆ ಒಂದೊಂದು ಡಾಲರ್ ಕೂಡಿಸಬೇಕೆಂಬುದು ಅವನ ಆಸೆ. ದಿನಕ್ಕೆ ಹೆಚ್ಚುಕಡಮೆ ಒಂದು ಮ್ಯಾರಥಾನಿನಷ್ಟು ದೂರ ಓಡುತ್ತ 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿ, ಸೆಪ್ಟೆಂಬರ್ 1ರಂದು ಥಂಡರ್ ಬೇ ಪಟ್ಟಣದ ಬಳಿ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಅವನು ಪಶ್ಚಿಮದ ಕಡಲನ್ನು ಓಡಿ ಮುಟ್ಟಲೇ ಇಲ್ಲ. 1981ರ ಜೂನಿನಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಮೊದಲೇ, ತೀರಿಕೊಂಡ. ಆದರೆ ಅವನು ನಿಂತ ಕಡೆ ದಾನ ನಿಲ್ಲಲಿಲ್ಲ. 1981ರ ಫೆಬ್ರವರಿಯ ಹೊತ್ತಿಗೆ ಮೊತ್ತ ಎರಡು ಕೋಟಿ ನಲವತ್ತು ಲಕ್ಷ ಡಾಲರುಗಳನ್ನು ದಾಟಿ, ತಲೆಗೊಂದು ಡಾಲರ್ ಎಂಬ ಅವನ ಆಸೆ ಅವನು ಬದುಕಿರುವಾಗಲೇ ಕೈಗೂಡಿತು. 1981ರಿಂದ ಅವನ ಹೆಸರಿನ ಓಟ ಪ್ರತಿವರ್ಷವೂ ನಡೆಯುತ್ತಿದೆ.

ಇದರಿಂದ ತಿಳಿಯುವುದೇನು? ಜನ ಹಣ ಕೊಡುವುದು ಕೊನೆಯ ಗೆರೆಗಲ್ಲ. ಇದು ಚಿಕ್ಕಪ್ಪನಿಗೂ ಆಮೇಲೆ ಅರಿವಾಯಿತು. ಓಟದ ದಿನ ಊರುಗೋಲು ಹಿಡಿದು ರಸ್ತೆಯ ಬದಿಯಲ್ಲಿ ನಿಂತು ನೋಡಿದ ಅವರು, ಮರುದಿನ ಕಛೇರಿಯಲ್ಲಿ ಒಬ್ಬೊಬ್ಬರ ಮೇಜಿನ ಬಳಿಗೂ ಹೋಗಿ ಹಣ ಹಿಂದಿರುಗಿಸುವುದಾಗಿ ಹೇಳಿದರಂತೆ. ಹಿರಿಯ ಜವಾನನೊಬ್ಬ, ಐವತ್ತು ರೂಪಾಯಿ ಕೊಟ್ಟಿದ್ದವನು, "ನಾನು ಕೊಟ್ಟದ್ದು ಆ ಮಕ್ಕಳಿಗೆ ಸ್ವಾಮಿ, ನಿಮ್ಮ ಕಾಲಿಗಲ್ಲ" ಎಂದನಂತೆ. ಹಣವೆಲ್ಲ ಶಾಲೆಗೆ ಸೇರಿತು. ಮಾರನೆಯ ವರ್ಷ ಚಿಕ್ಕಪ್ಪ ಆರು ತಿಂಗಳು ಮುಂಚೆಯೇ ನಡಿಗೆಯಿಂದ ಆರಂಭಿಸಿ, ಹೊಸದಾಗಿ ಯಾರನ್ನೂ ಒಂದು ಕಾಸು ಕೇಳದೆ, ಹಳೆಯ ಸಾಲ ತೀರಿಸುವವರಂತೆ ಹತ್ತು ಕಿಲೋಮೀಟರನ್ನು ಓಡಿ ಮುಗಿಸಿದರು. ಜವಾನನಿಗೆ ಮಾತ್ರ ಪದಕ ತೋರಿಸಿದರು.

ನಮ್ಮ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳ ನಿಧಿಯೊಂದಿದೆ. ಅದರ ಪೆಟ್ಟಿಗೆ ಎಂದೂ ತುಂಬಿದ್ದಿಲ್ಲ. ಮುಂದಿನ ಕ್ರೀಡೋತ್ಸವದಲ್ಲಿ ಅಧ್ಯಾಪಕರ ನೂರು ಮೀಟರ್ ಓಟವನ್ನು ಕೈಬಿಟ್ಟು, ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಆ ನಿಧಿಗಾಗಿ ಐದು ಕಿಲೋಮೀಟರ್ ಓಡಿದರೆ ಹೇಗೆ? ನಾಲ್ಕು ತಿಂಗಳ ಕಾಲಾವಕಾಶವಿದೆ, ಮೈದಾನವಿದೆ, ಬೆಳಗಿನ ಐದೂವರೆ ಗಂಟೆ ಎಲ್ಲರಿಗೂ ಪುಕ್ಕಟೆಯಾಗಿಯೇ ದೊರೆಯುತ್ತದೆ. ಮೇಲೆ ಹೇಳಿದ ಪೂಜ್ಯ ಅಧ್ಯಾಪಕರು ಒಪ್ಪಿದರೆ ಅವರ ಹೆಸರಿಗೆ ಮೊದಲ ಹತ್ತು ರೂಪಾಯಿ ನನ್ನದು. ಒಂದೇ ನಿಬಂಧನೆ: ಮೊದಲ ತಿಂಗಳು ಅವರು ನಡೆಯಬೇಕು, ಓಡಕೂಡದು.